ಇಪ್ಪತ್ತೆರಡನೆಯ ಗಿಡ್ಡ ವರ್ಣತಂತು

ಪುಟ್ಟೇನಹಳ್ಳಿ, ಯಲಹಂಕ
12 ಫೆಬ್ರವರಿ 2023

ಪ್ರೀತಿಯ ಕೀರ್ತಿಗೆ,

ಈ ತಿಂಗಳ ಮಾತ್ರೆಗಳು ಇದರ ಜೊತೆಗಿವೆ. ಎಂದಿನಂತೆ ಕಾಲೇಜಿನ ವಿಳಾಸಕ್ಕೇ ಕಳಿಸಿದ್ದೇನೆ, ಪೊಟ್ಟಣದ ಮೇಲೆ ‘ಪುಸ್ತಕ’ ಎಂದೇ ಬರೆದಿದ್ದೇನೆ. ಗಂಡನ ಮನೆಯಲ್ಲಿ ನಿನ್ನ ಕಾಯಿಲೆ ಗೊತ್ತಾಗಬಾರದು ಎಂಬ ಷರತ್ತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಆದರೆ ಮಾತು ಕೊಟ್ಟಾಗಿದೆ. ಮೊಬೈಲು ಮನೆಯವರೆಲ್ಲರ ಕೈಯಲ್ಲಿ ಓಡಾಡುತ್ತದೆ, ಅದರಲ್ಲಿ ಈ ಸುದ್ದಿ ಬೇಡ ಎಂದಿದ್ದೀಯ. ಸರಿ, ಕಾಗದವೇ ಇರಲಿ. ನನಗೂ ಕಾಗದವೇ ಒಗ್ಗುವುದು.

ಈ ಸಲ ಡಬ್ಬಿಯ ಬಣ್ಣ ಬೇರೆ. ಆಸ್ಪತ್ರೆಯ ಔಷಧಿ ಕೌಂಟರಿನ ಸುಬ್ರಮಣಿಯನ್ನು ಕೇಳಿದೆ.

“ಹಳೇ ಕಂಪನಿದು ಏನಾಯ್ತಪ್ಪ?”

“ಟೆಂಡರ್ ಬದಲಾಯ್ತು ಸಾರ್. ಒಳಗಿರೋದು ಅದೇ ಔಷಧಿ.”

“ಅದೇ ಅಂತ ಯಾರ್ ಹೇಳಿದ್ರು ನಿಂಗೆ?”

“ಡಬ್ಬಿ ಮೇಲೆ ಬರ್ದವ್ರಲ್ಲ ಸಾರ್, ಓದ್ಕೊಳಿ.”

ಡಬ್ಬಿಯ ಮೇಲೆ ಬರೆದದ್ದನ್ನು ನಂಬುವವನಾಗಿದ್ದರೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗಕ್ಕೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಿದ್ದರು? ನಮ್ಮಲ್ಲಿ ‘ಗೋ’, ‘ನೋ-ಗೋ’ ಎಂದು ಎರಡು ಗೇಜುಗಳಿದ್ದವು. ಗೋ ಗೇಜು ಒಳಗೆ ಹೋಗಬೇಕು, ನೋ-ಗೋ ಗೇಜು ಹೋಗಬಾರದು. ಅಷ್ಟು ನೋಡದೆ ಒಂದು ಬಿಡಿಭಾಗವೂ ಮುಂದಿನ ಶಾಪಿಗೆ ದಾಟುತ್ತಿರಲಿಲ್ಲ. ನೀನು ನಮ್ಮ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದುಕೊಂಡು ಹೆಬ್ಬಾಳದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಈ ರಕ್ತದ ಕ್ಯಾನ್ಸರನ್ನು ನನಗೆ ಅರ್ಥ ಮಾಡಿಸಿದ್ದೂ ಆ ಗೇಜುಗಳ ಲೆಕ್ಕದಲ್ಲೇ ಅಲ್ಲವೇ? ಈರುಳ್ಳಿ ಬೇರಿನ ತುದಿಯನ್ನು ಗಾಜಿನ ಮೇಲೆ ಜಜ್ಜಿ ವರ್ಣತಂತು ನೋಡುತ್ತಿದ್ದ ಹುಡುಗಿ ತನ್ನದೇ ಮಜ್ಜೆಯ ಸ್ಲೈಡನ್ನು ನೋಡಲೇಬೇಕೆಂದು ಡಾಕ್ಟರಮ್ಮನ ಮುಂದೆ ಹಟ ಹಿಡಿದಳು. ನೋಡಿ ಬಂದು ನಮ್ಮ ಊಟದ ಮೇಜಿನ ಮುಂದೆ ಕೂತು ಹೇಳಿದಳು: ಒಂಬತ್ತನೆಯ ವರ್ಣತಂತುವಿನ ತುದಿಯೂ ಇಪ್ಪತ್ತೆರಡನೆಯದರ ತುದಿಯೂ ಮುರಿದು, ಅದಲುಬದಲಾಗಿ ಅಂಟಿಕೊಂಡಿವೆ, ಇಪ್ಪತ್ತೆರಡನೆಯದು ಗಿಡ್ಡವಾಗಿದೆ, ಆ ಅಂಟಿನ ಜಾಗದಲ್ಲಿ ಹುಟ್ಟುವ ಪ್ರೋಟೀನು ರಕ್ತದ ಕೋಶಕ್ಕೆ ಒಡೆ, ಇನ್ನೂ ಒಡೆ ಎಂದು ಹೇಳುತ್ತಲೇ ಇರುತ್ತದೆ, ಈ ಮಾತ್ರೆ ಅದರ ಬಾಯಿ ಮುಚ್ಚಿಸುತ್ತದೆ. ಗೇಜಿನಲ್ಲೇ ಬಿದ್ದುಹೋಗಬೇಕಾದ ಮಾಲು ಬಾಗಿಲು ದಾಟುತ್ತಿದೆ ಎಂದು ನನಗೆ ಆಗ ಅರ್ಥವಾಯಿತು.

ಮಾತ್ರೆ ಒಂದು ದಿನವೂ ತಪ್ಪಬಾರದು. ಅಕ್ಟೋಬರಿನ ರಕ್ತ ಪರೀಕ್ಷೆಯಲ್ಲಿ ರೋಗ ‘ಪತ್ತೆಯಾಗುವಷ್ಟಿಲ್ಲ’ ಎಂದು ಬಂತು, ಸಂತೋಷ. ಪತ್ತೆಯಾಗಲಿಲ್ಲ ಎಂದ ಮಾತ್ರಕ್ಕೆ ಹೋಯಿತು ಎಂದಲ್ಲ. ಮಾರ್ಚಿನಲ್ಲಿ ಮತ್ತೆ ಪರೀಕ್ಷೆ, ನೆನಪಿರಲಿ.

ನಮ್ಮ ಮನೆಯಾಕೆ ಮುನಿವೆಂಕಟಮ್ಮ “ಆ ಮಗೀಗೆ ಒಂಚೂರು ಉರ್ಳಿಕಾಳ್ ಪುಡಿನೂ ಆಕ್ರೀ” ಎಂದಳು. ಪುಸ್ತಕ ಹುರುಳಿಯ ವಾಸನೆ ಹೊಡೆದರೆ ನಿಮ್ಮ ಕಾಲೇಜಿನವರು ಏನೆಂದುಕೊಳ್ಳುತ್ತಾರೆ ಎಂದು ಬಿಟ್ಟೆ. ಅದಕ್ಕೆ ನನ್ನ ಮೇಲೆ ಕೋಪ.

ಅನಂತರಾಜು


ಗುಳೇದಗುಡ್ಡ
25 ಫೆಬ್ರವರಿ 2023

ಪ್ರೀತಿಯ ಕಾಕಾ,

ಪೊಟ್ಟಣ ಬಂತು. ಅಮ್ಮನಿಗೆ ಹೇಳಿ, ಹುರುಳಿ ಪುಡಿ ಕಳಿಸಿದ್ದರೆ ಪುಸ್ತಕಕ್ಕಿಂತ ಹೆಚ್ಚು ಮರ್ಯಾದೆ ಸಿಗುತ್ತಿತ್ತು.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಮಾತ್ರ ಹೊಟ್ಟೆ ತೊಳಸುತ್ತದೆ, ಅನ್ನ ಬಸಿಯುವ ವಾಸನೆ ಆಗುವುದಿಲ್ಲ. ಎರಡು ಸಲ ಕ್ಲಾಸು ಬಿಟ್ಟು ಹೊರಗೆ ಓಡಿದೆ. ಅತ್ತೆ ಈಗ ನನಗೆ ಕೊಡ ಎತ್ತಲೂ ಬಿಡುತ್ತಿಲ್ಲ. ಸಂಗಮೇಶ ಖಣದ ಅಂಗಡಿ ಮುಚ್ಚಿ ಬರುವಾಗ ದಿನವೂ ಮಾವಿನಕಾಯಿ ತರುತ್ತಾರೆ.

ಹುಡುಗಿಯರಿಗೆ ಕೋಶವಿಭಜನೆಯ ಪಾಠವನ್ನು ಮತ್ತೊಮ್ಮೆ ಮಾಡಿದೆ. ಎರಡು ಮೀಟರು ಉದ್ದದ ಡಿಎನ್‌ಎ ಎಳೆ ಕಣ್ಣಿಗೆ ಕಾಣದ ಕೋಶದೊಳಗೆ ಹೇಗೆ ಹಿಡಿಸುತ್ತದೆ ಎಂದು ಕೇಳಿದೆ. ಒಬ್ಬಳು ಎದ್ದಳು: “ಕಂಡಿಕಿ ಸುತ್ತಿದಂಗ ಏನ್ರೀ ಮಿಸ್?” ಅವಳ ಮನೆಯಲ್ಲಿ ಮಗ್ಗವಿದೆ. ಲಾಳಿಯೊಳಗೆ ಕೂರುವ ಕಂಡಿಕೆಗೆ ಅವಳು ದಿನವೂ ನೂಲು ಸುತ್ತುತ್ತಾಳೆ. ಹೌದವ್ವಾ, ಪ್ರೋಟೀನಿನ ಸಣ್ಣ ಸಣ್ಣ ಉಂಡೆಗಳಿಗೆ ಎಳೆ ಸುತ್ತಿಕೊಂಡು, ಆ ಉಂಡೆಗಳ ಸರ ಮತ್ತೆ ಸುರುಳಿಯಾಗಿ, ಕೋಶ ಒಡೆಯುವ ಹೊತ್ತಿಗೆ ದಪ್ಪ ವರ್ಣತಂತುವಾಗುತ್ತದೆ ಎಂದೆ. “ನಡುವ ಎಳಿ ಹರದ್ರ?” ಎಂದಳು. ಕೋಶ ಮುಂದೆ ಹೋಗದೆ ನಿಲ್ಲುತ್ತದೆ, ರಿಪೇರಿ ಮಾಡಲು ನೋಡುತ್ತದೆ, ಆಗದಿದ್ದರೆ ತಾನೇ ಸಾಯುತ್ತದೆ ಎಂದೆ. “ಪಾಪ” ಎಂದು ಇಡೀ ಬೆಂಚು ಮರುಗಿತು.

ಮುಂದಿನ ತಿಂಗಳು ಮಾತ್ರೆ ಕಳಿಸಬೇಡಿ, ನನ್ನ ಬಳಿ ಉಳಿದಿವೆ. ಪರೀಕ್ಷಾ ಕೆಲಸವಿರುವುದರಿಂದ ಮಾರ್ಚಿನಲ್ಲಿ ಬೆಂಗಳೂರಿಗೆ ಬರಲಾಗುವುದಿಲ್ಲ. ರಕ್ತ ಪರೀಕ್ಷೆ ಬೇಸಿಗೆಯಲ್ಲಿ ನೋಡೋಣ.

ನಿಮ್ಮ ಕೀರ್ತಿ


ಪುಟ್ಟೇನಹಳ್ಳಿ
6 ಮಾರ್ಚ್ 2023

ಕೀರ್ತಿ,

ಮಾತ್ರೆ ಉಳಿದಿವೆ ಎಂದರೆ ಏನರ್ಥ? ದಿನಕ್ಕೊಂದು ನುಂಗಬೇಕಾದದ್ದು ಉಳಿಯುವುದು ಹೇಗೆ? ನುಂಗಿದ್ದು ವಾಂತಿಯಾಗುತ್ತಿದೆ, ಅದಕ್ಕೇ ನುಂಗಲು ಹೆದರುತ್ತಿದ್ದೀಯ. ಐದು ವರ್ಷ ಹಳೆಯ ಕಂಪನಿಯ ಮಾತ್ರೆ ತಿಂದೆ, ಒಂದು ದಿನ ಹೊಟ್ಟೆ ಕೆಡಲಿಲ್ಲ. ಹೊಸ ಡಬ್ಬಿ ಬಂದ ತಿಂಗಳಲ್ಲೇ ಕ್ಲಾಸಿನಿಂದ ಹೊರಗೆ ಓಡುತ್ತಿದ್ದೀಯ. ಇದಕ್ಕಿಂತ ಬೇರೆ ಪುರಾವೆ ಬೇಕೇ?

ಇವತ್ತು ಕೌಂಟರಿಗೆ ಹೋಗಿದ್ದೆ. ಸುಬ್ರಮಣಿ “ವಾಂತಿ ಎಲ್ರಿಗೂ ಆಗತ್ತೆ ಸಾರ್, ಊಟ ಆದ್ಮೇಲೆ ತಗೊಳಕ್ಕೇಳಿ” ಎಂದ. ಸಾಲಿನಲ್ಲಿ ಅಬ್ರಾರ್ ಇದ್ದ. ಆರ್.ಟಿ. ನಗರದಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನಲ್ಲ, ಅವನೇ. ಅವನದೂ ನಿನ್ನದೇ ಕಾಯಿಲೆ, ನಿನ್ನದೇ ಮಾತ್ರೆ. ನಿನಗೇನಾದರೂ ಆಯಿತೇ ಎಂದು ಅವನನ್ನು ಕೇಳಿದೆ.

“ಸ್ವಲ್ಪ ಹೊಟ್ಟೆ ಉರಿ ಆಯ್ತು ಸಾರ್. ರಂಜಾನ್ ಮುಂಚೆ ಸಿಕ್ಕಾಪಟ್ಟೆ ತಿಂತೀನಿ ಅಂತ ಲುಬ್ನಾ ಬೈತಾಳೆ.”

“ತಿಂಡಿಯಿಂದ ಅಲ್ಲ ಕಣಯ್ಯಾ, ಮಾತ್ರೆಯಿಂದ.”

“ಇರ್ಬೋದು ಸಾರ್, ನೀವು ಓದ್ದೋರು.”

ಅಬ್ರಾರನ ಸಹಿಯನ್ನೂ ಇನ್ನೂ ಕೆಲವರ ಸಹಿಯನ್ನೂ ಹಾಕಿಸಿ, ಬ್ಯಾಚ್ ನಂಬರ್ ಸಮೇತ ಆಸ್ಪತ್ರೆಗೂ ಔಷಧ ನಿಯಂತ್ರಣದವರಿಗೂ ದೂರು ಕೊಟ್ಟಿದ್ದೇನೆ. ನಿನ್ನ ಹೆಸರಷ್ಟೇ ಇದೆ, ವಿಳಾಸ ನನ್ನದು. ನಿನ್ನ ಗುಟ್ಟು ಭದ್ರವಾಗಿದೆ.

ಈ ಊರಿನಲ್ಲಿ ಕೇಳುವವರಿಲ್ಲದ ಕಡೆ ಏನೇನು ನಡೆಯುತ್ತದೆ ಎಂದು ನೋಡುತ್ತಲೇ ಮುದುಕನಾದೆ. ನಮ್ಮ ಕೆರೆಯ ಅಂಚಿಗೆ ಮಣ್ಣು ಸುರಿದು ಸೈಟು ಮಾಡಲು ಬಂದಾಗ ಬರೆದವನು ನಾನು. ಎಂಬತ್ತರ ಮುಷ್ಕರದಲ್ಲಿ ಗೇಟಿನ ಮುಂದೆ ಕೂತವನೂ ನಾನು. ಆಗ ಮಾತು ಕೊಟ್ಟು ತಪ್ಪಿದ ಸಾಹೇಬರ ಹೆಸರುಗಳು ಇವತ್ತಿಗೂ ನನ್ನ ಬಾಯಿಯಲ್ಲಿವೆ. ಈ ಬ್ಯಾಚನ್ನು ನಾನು ಬಿಡುವುದಿಲ್ಲ.

ಅನಂತರಾಜು


ಗುಳೇದಗುಡ್ಡ
20 ಮಾರ್ಚ್ 2023

ಕಾಕಾ,

ನಿಮ್ಮ ಕಾಗದ ಓದಿದೆ. ದಯವಿಟ್ಟು ಆ ದೂರನ್ನು ವಾಪಸು ತೆಗೆದುಕೊಳ್ಳಿ. ಮಾತ್ರೆಯಲ್ಲಿ ದೋಷವಿಲ್ಲ, ಅದು ನನಗೆ ಖಾತ್ರಿಯಾಗಿ ಗೊತ್ತು. ಹೇಗೆ ಎಂದು ಈಗ ಕೇಳಬೇಡಿ. ವಾಂತಿಯೂ ಕಡಿಮೆಯಾಗಿದೆ.

ಎಂದಾದರೂ ನಾನು ನಿಮ್ಮಲ್ಲಿ ಏನನ್ನಾದರೂ ಬೇಡಿದ್ದೇನೆಯೇ? ಇದೊಂದನ್ನು ಬೇಡುತ್ತಿದ್ದೇನೆ.

ಕೀರ್ತಿ


ಪುಟ್ಟೇನಹಳ್ಳಿ
2 ಏಪ್ರಿಲ್ 2023

ಕೀರ್ತಿ,

ನೀನು ಹೆದರಿದ್ದೀಯ. ಹೆದರುವವರ ಕಾಗದ ಹೇಗಿರುತ್ತದೆ ಎಂದು ನನಗೆ ಗೊತ್ತು. ಕಾರ್ಖಾನೆಯಲ್ಲೂ ಹೀಗೇ ಆಗುತ್ತಿತ್ತು. ಮೆಷೀನು ಕೆಟ್ಟಿದೆ ಎಂದು ಬಂದು ಹೇಳಿದವನೇ ಮಧ್ಯಾಹ್ನ “ಬಿಟ್ಬಿಡಿ ಸಾರ್, ಸರಿಯಾಗಿದೆ” ಎನ್ನುತ್ತಿದ್ದ. ನಡುವೆ ಫೋರ್‌ಮನ್ ಬಂದು ಹೋಗಿರುತ್ತಿದ್ದ. ನಿನ್ನ ಹತ್ತಿರ ಯಾರು ಬಂದಿದ್ದರು?

ಸುದ್ದಿ ಕೇಳು. ದೂರು ಫಲ ಕೊಟ್ಟಿದೆ. ಇಡೀ ಬ್ಯಾಚನ್ನು ಕೋಣೆಗೆ ಹಾಕಿ ಸೀಲು ಮಾಡಿದ್ದಾರೆ, ಮಾದರಿಗಳು ಪ್ರಯೋಗಾಲಯಕ್ಕೆ ಹೋಗಿವೆ. ವರದಿ ಬರುವ ತನಕ ಕೌಂಟರಿನಲ್ಲಿ ಮಾತ್ರೆ ಇಲ್ಲ. ಬೇರೆ ಮಾಲು ತರಿಸುತ್ತೇವೆ ಎಂದು ಹೇಳಿದ್ದರು, ಇನ್ನೂ ತರಿಸಿಲ್ಲ. ಅದಕ್ಕೂ ಒಂದು ಅರ್ಜಿ ಹಾಕಿದ್ದೇನೆ. ಸಾಲಿನಲ್ಲಿ ನಿಂತವರು ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದಾರೆ. ಕೆಟ್ಟ ಮಾತ್ರೆ ತಿನ್ನುವುದಕ್ಕಿಂತ ಕೆಲವು ದಿನ ತಾಳುವುದು ವಾಸಿ ಎಂದು ಅಬ್ರಾರನಿಗೆ ಹೇಳಿದೆ. ಅವನು ತಲೆಯಾಡಿಸಿದ.

ನಿನ್ನಿಂದ ಒಂದು ಕೆಲಸವಾಗಬೇಕು. ನಿನ್ನ ಹತ್ತಿರ ಉಳಿದಿರುವ ಮಾತ್ರೆಗಳನ್ನು ನನಗೆ ಕಳಿಸು. ರೋಗಿಯ ಕೈಯಿಂದಲೇ ಬಂದ ಮಾಲನ್ನು ಪರೀಕ್ಷೆಗೆ ಕೊಡುತ್ತೇನೆ. ಆಮೇಲೆ ಯಾರು ಏನೆನ್ನುತ್ತಾರೋ ನೋಡೋಣ.

ಅನಂತರಾಜು


ಗುಳೇದಗುಡ್ಡ
10 ಏಪ್ರಿಲ್ 2023

ಕಾಕಾ,

ಮಾತ್ರೆ ಕೇಳಿದಿರಿ. ಈ ಪೆಟ್ಟಿಗೆಯಲ್ಲಿವೆ. ತೆರೆದಾಗ ನಿಮಗೆ ಲೆಕ್ಕ ತಪ್ಪಿದೆ ಎನ್ನಿಸಬಹುದು, ತಪ್ಪಿಲ್ಲ. ನವೆಂಬರಿನಿಂದ ನೀವು ಕಳಿಸಿದ ಒಂದೊಂದು ಮಾತ್ರೆ ಪಟ್ಟಿಯೂ ಇಲ್ಲಿದೆ, ಒಂದನ್ನೂ ಒಡೆದಿಲ್ಲ. ಹಳೆಯ ಕಂಪನಿಯವು, ಹೊಸ ಕಂಪನಿಯವು, ಎಲ್ಲವೂ. ಹೊಸ ಡಬ್ಬಿಯ ಮಾತ್ರೆಯ ರುಚಿಯನ್ನೇ ನಾನು ನೋಡಿಲ್ಲ.

ನಾನು ಬಸುರಿ. ಮೂರು ತಿಂಗಳು ತುಂಬಿತು.

ಆ ಮಾತ್ರೆ ನುಂಗುತ್ತ ಮಗುವನ್ನು ಹೊರಬಾರದು, ಮಗುವಿನ ಮೈ ತಪ್ಪಾಗಿ ಬೆಳೆಯಬಹುದು ಎಂದು ಮೊದಲ ದಿನವೇ ಡಾಕ್ಟರಮ್ಮ ಹೇಳಿದ್ದರು. ಅಕ್ಟೋಬರಿನಲ್ಲಿ ‘ಪತ್ತೆಯಾಗುವಷ್ಟಿಲ್ಲ’ ಎಂದು ಬಂದಾಗ ನನಗೆ ಕಂಡದ್ದು ಒಂದೇ ಬಾಗಿಲು. ನಿಲ್ಲಿಸಿದೆ. ಡಾಕ್ಟರಿಗೆ ಹೇಳಿದ್ದರೆ ತಿಂಗಳು ತಿಂಗಳು ಬಂದು ರಕ್ತ ಕೊಡು ಎನ್ನುತ್ತಿದ್ದರು. ಪ್ರತಿ ತಿಂಗಳು ಬೆಂಗಳೂರಿಗೆ ಯಾಕೆ ಎಂದು ಮನೆಯಲ್ಲಿ ಏನು ಹೇಳಲಿ? ನಿಮಗೆ ಹೇಳಿದ್ದರೆ ಮಾರನೆಯ ದಿನವೇ ಬಂದು ಬಾಗಿಲು ತಟ್ಟುತ್ತಿದ್ದಿರಿ. ಈ ಮನೆಗೆ ಬಂದ ದಿನದಿಂದ ಅತ್ತೆ ನನ್ನ ಹೊಟ್ಟೆಯ ಬಗ್ಗೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ನನಗೇ ಬೇಕಾಗಿತ್ತು ಕಾಕಾ. ಯಾರ ಮೇಲೂ ಹೊರಿಸುವುದಿಲ್ಲ.

ಹೋದ ವಾರ ಬಾಗಲಕೋಟೆಯಲ್ಲಿ ರಕ್ತ ನೋಡಿಸಿದೆ. ಬಿಳಿ ಕಣಗಳು ಏರಿವೆ. ಬಸುರಿಯರಿಗೆ ಕೊಂಚ ಏರುತ್ತವೆ ಎಂದು ಅಲ್ಲಿಯವರು ಸಮಾಧಾನ ಹೇಳಿದರು. ನನ್ನವು ಏರಿದ್ದು ಕೊಂಚವಲ್ಲ.

ಈ ಮಾತ್ರೆಗಳನ್ನು ಅಬ್ರಾರ್ ಅಣ್ಣನಿಗೆ ಕೊಡಿ. ಅವರನ್ನು ಕಾಯಿಸಬೇಡಿ.

ಕೀರ್ತಿ


ಪುಟ್ಟೇನಹಳ್ಳಿ
16 ಏಪ್ರಿಲ್ 2023

ಕೀರ್ತಿ,

ಪೆಟ್ಟಿಗೆಯನ್ನು ಊಟದ ಮೇಜಿನ ಮೇಲೆ ಸುರಿದೆ. ಮುನಿವೆಂಕಟಮ್ಮ ಒಳಗಿನಿಂದ ಬಂದು “ಇವೆಲ್ಲ ಅವಳ್ದೇನಾ?” ಎಂದಳು. ಹೂಂ ಎಂದೆ. ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು.

ಮಾತ್ರೆಗಳನ್ನು ಅಬ್ರಾರನ ಅಂಗಡಿಗೆ ತಲುಪಿಸಿ ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ.

“ನಮ್ಗೆ ಹೇಳಿ ನಿಲ್ಸಿದ್ರೆ ತಿಂಗ್ಳು ತಿಂಗ್ಳು ನೋಡ್ತಿದ್ವಿ ಸಾರ್. ಏರೋಕೆ ಶುರುವಾದ ತಕ್ಷಣ ಗೊತ್ತಾಗ್ತಿತ್ತು. ಮಗು ಮಾಡ್ಕೋಬೇಡ ಅಂತ ನಾವ್ ಯಾವತ್ತೂ ಹೇಳಿಲ್ವಲ್ಲ. ಅದಕ್ಕೂ ದಾರಿ ಇತ್ತು.”

ದಾರಿ ಇತ್ತಂತೆ ಕೀರ್ತಿ. ಕೇಳಿದ್ದರೆ ಇತ್ತಂತೆ.

ಈಗ ಉಳಿದಿರುವುದನ್ನು ಬರೆಯುತ್ತೇನೆ, ಮನಸ್ಸು ಗಟ್ಟಿ ಮಾಡಿಕೊಂಡು ಓದು. ಹೆರಿಗೆ ಆಗುವ ತನಕ ಮಾತ್ರೆ ಕೊಡುವಂತಿಲ್ಲ. ಮಗುವಿಗೆ ತೊಂದರೆ ಮಾಡದ ಒಂದು ಇಂಜೆಕ್ಷನ್ ಇದೆ, ಅದು ಮಾತ್ರೆಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಹಿಡಿಯದ ಕೋಶ ಒಡೆಯುತ್ತಾ ಹೋದಷ್ಟೂ ಇನ್ನಷ್ಟು ಎಡವಟ್ಟು ಮಾಡಿಕೊಳ್ಳುತ್ತದೆ. ಆಮೇಲೆ ಹಳೆಯ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಇದನ್ನು ನಿನಗೆ ನಾನು ಹೇಳಬೇಕೇ? ಪಾಠ ಮಾಡುವವಳು ನೀನು.

ಇನ್ನೂ ಹೊತ್ತು ಮೀರಿಲ್ಲ. ತೆಗೆಸಿಬಿಡು. ಮಾತ್ರೆ ಶುರು ಮಾಡು. ನೀನಿದ್ದರೆ ತಾನೇ ಉಳಿದದ್ದೆಲ್ಲ?

ಅನಂತರಾಜು


ಪುಟ್ಟೇನಹಳ್ಳಿ
9 ಮೇ 2023

ಕೀರ್ತಿ,

ನಿನ್ನ ಉತ್ತರವಿಲ್ಲ. ರಜೆಯಲ್ಲಿ ಕಾಲೇಜು ಮುಚ್ಚಿರುತ್ತದೆ, ಕಾಗದ ಅಲ್ಲೇ ಬಿದ್ದಿರಬಹುದು ಎಂದುಕೊಂಡೆ. ಬಿದ್ದಿರಲಿ ಎಂದೂ ಅನ್ನಿಸಿತು. ಅದರಲ್ಲಿ ಬರೆದ ಒಂದು ಮಾತನ್ನು ವಾಪಸು ಪಡೆಯುತ್ತೇನೆ. ಯಾವುದೆಂದು ನಿನಗೆ ಗೊತ್ತು.

ಪ್ರಯೋಗಾಲಯದ ವರದಿ ಬಂತು. ಮಾತ್ರೆಯಲ್ಲಿ ಕೊರತೆಯಿಲ್ಲ. ಸುಬ್ರಮಣಿ ಕೌಂಟರಿನ ಗಾಜಿನ ಹಿಂದಿನಿಂದಲೇ ಅದನ್ನು ನನಗೆ ತೋರಿಸಿದ. “ಸಾರ್, ನಿಮ್ ಪೇಷೆಂಟು ಇದನ್ನ ತಿಂದೇ ಇರ್ಲಿಲ್ವಂತೆ?” ಎಂದ. ಹಿಂದೆ ಸಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ದೂರು ಕೊಟ್ಟವನು ನಾನೇ, ತಪ್ಪು ತಿಳಿದಿದ್ದೆ ಎಂದೆ. ಈಗ ಸೀಲು ಒಡೆದು ಮತ್ತೆ ಮಾತ್ರೆ ಕೊಡುತ್ತಿದ್ದಾರೆ.

ಇಂಜೆಕ್ಷನ್ ಹುಬ್ಬಳ್ಳಿಯಲ್ಲೂ ಸಿಗುತ್ತದಂತೆ. ಡಾಕ್ಟರಮ್ಮ ಅಲ್ಲಿಯವರಿಗೆ ಫೋನ್ ಮಾಡಿ ಹೇಳುತ್ತಾರೆ. ನೀನು ಹೂಂ ಎಂದರೆ ಸಾಕು. ಹೂಂ ಎನ್ನು.

ಅನಂತರಾಜು


ಪುಟ್ಟೇನಹಳ್ಳಿ
14 ಜೂನ್ 2023

ಕೀರ್ತಿ,

ಕಾಲೇಜು ಶುರುವಾಗಿದೆ. ಆಫೀಸಿಗೆ ಫೋನ್ ಮಾಡಿದೆ. “ಮೇಡಂ ರಜಾದಾಗ ಅದಾರ್ರೀ. ತಾವ್ಯಾರು?” ಎಂದರು. ಏನು ಹೇಳಲಿ? ಮನೆ ಮಾಲೀಕ ಎಂದೆ. “ಯಾವ ಮನಿ?” ಎಂದರು. ಫೋನ್ ಇಟ್ಟೆ.

ಬದುಕಿದ್ದೀಯ ಎಂದು ಒಂದು ಸಾಲು ಬರೆ.


ಗುಳೇದಗುಡ್ಡ
2 ಜುಲೈ 2023

ಕಾಕಾ,

ನಿಮ್ಮ ಮೂರೂ ಕಾಗದಗಳು ಬಂದವು. ಏಪ್ರಿಲಿನದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ. ನನ್ನ ಮಗುವಿಗೆ ನೀವೇ ಮೊದಲು ಬಾಗಿಲು ಮುಚ್ಚಿದಿರಿ ಎಂದು ಬರೆದು ಹರಿದೆ. ನಿಮ್ಮ ಮಾತು ಸರಿಯಿರಬಹುದು ಎಂಬ ಅಂಜಿಕೆಗೇ ಹರಿದೆ.

ಮೇ ಕೊನೆಯಲ್ಲಿ ಜ್ವರ ಬಂತು. ಎಡಪಕ್ಕೆಯಲ್ಲಿ ಗುಲ್ಮ ಊದಿಕೊಂಡು ಬಗ್ಗಲು ಆಗಲಿಲ್ಲ. ಇನ್ನು ಮುಚ್ಚಿಡಲಾಗದೆ ಅಂಗಡಿಗೆ ಹೋಗಿ ಸಂಗಮೇಶನಿಗೆ ಹೇಳಿದೆ. ಗಿರಾಕಿ ಇರಲಿಲ್ಲ. ಖಣಗಳನ್ನು ಮಡಚಿಡುತ್ತಿದ್ದವರು ಕೈ ನಿಲ್ಲಿಸಲಿಲ್ಲ.

“ಎಷ್ಟ ವರ್ಷ ಆತು?”

“ಐದು.”

“ಅಂದ್ರ ನನಗಿಂತ ಮೊದಲ ಬಂದದ್ದು.”

“ಹೂಂ.”

“ಅದರ ಕೂಡ ಸಂಸಾರ ಮಾಡಾಕತ್ತಿ ನೀ. ನಾ ಬರೇ ಮನ್ಯಾಗ ಇರಾಂವ.”

ನಾಲ್ಕು ದಿನ ಅಂಗಡಿಯಲ್ಲೇ ಮಲಗಿದರು. ಅತ್ತೆಗೂ ಅವರೇ ಹೇಳಿದರು. ಅತ್ತೆ ನನ್ನ ಮುಂದೆ ಬಂದು ಕೂತು ಕೇಳಿದ್ದು ಒಂದೇ ಮಾತು: “ಕೂಸಿಗೂ ಬರ್ತೈತೇನು ಇದು?”

ಬರುವುದಿಲ್ಲ ಎಂದೆ. ಇದು ನನ್ನ ತಾಯಿತಂದೆಯಿಂದ ಬಂದದ್ದಲ್ಲ, ಮಗುವಿಗೆ ಹೋಗುವುದೂ ಇಲ್ಲ. ನಾನು ದೊಡ್ಡವಳಾದ ಮೇಲೆ ನನ್ನ ಎಲುಬಿನ ಮಜ್ಜೆಯ ಒಂದು ಕೋಶದಲ್ಲಿ ಆದ ಪೆಟ್ಟು, ಅದರ ಸಂತಾನವೆಲ್ಲ ಅಲ್ಲೇ ರಕ್ತದಲ್ಲೇ ಬೆಳೆಯುತ್ತದೆ. ಮಗು ಹುಟ್ಟುವ ಅಂಡಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದೆ. ಕ್ಲಾಸಿನಲ್ಲಿ ಹೇಳುವುದಕ್ಕಿಂತ ಚೆನ್ನಾಗಿ ಹೇಳಿದೆ ಕಾಕಾ.

“ನೀ ಓದಿದಾಕಿ” ಎಂದರು ಅತ್ತೆ. “ಏನ್ ಬೇಕಾರ ಹೇಳ್ತಿ. ಮದಿವಿಗೆ ಮೊದಲ ಇಷ್ಟ ಚಂದ ಹೇಳಬೇಕಿತ್ತು.”

ಈಗ ಇಂಜೆಕ್ಷನ್ನಿಗೆ ಹುಬ್ಬಳ್ಳಿಗೆ ಹೋಗುತ್ತಿದ್ದೇನೆ. ಜೊತೆಗೆ ಬರುವವರು ಅತ್ತೆಯೇ. ಬಸ್ಸಿನಲ್ಲಿ ಕಿಟಕಿಯ ಕಡೆ ನನ್ನನ್ನು ಕೂರಿಸುತ್ತಾರೆ. ಬಿಳಿ ಕಣಗಳು ಇಳಿಯುತ್ತವೆ, ಮತ್ತೆ ಏರುತ್ತವೆ. ಅಕ್ಟೋಬರಿನ ತನಕ ದೂಡಬೇಕು. ಒಳಗೆ ಎರಡು ಬೆಳೆಯುತ್ತಿವೆ. ಮಗುವಿನ ಕೋಶಗಳು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಬೆರಳು ಬೆರಳಾಗಿಯೂ ಕಿವಿ ಕಿವಿಯಾಗಿಯೂ ಆಗುತ್ತಿವೆ. ಇನ್ನೊಂದಕ್ಕೆ ನಿಲ್ಲುವುದೇ ಗೊತ್ತಿಲ್ಲ. ಎರಡೂ ನನ್ನ ಅನ್ನವನ್ನೇ ತಿನ್ನುತ್ತಿವೆ.

ಇನ್ನು ಕಾಗದವನ್ನು ಮನೆಗೇ ಬರೆಯಿರಿ.

ಕೀರ್ತಿ


ಪುಟ್ಟೇನಹಳ್ಳಿ
11 ಜುಲೈ 2023

ಕೀರ್ತಿ,

ಬರೆದೆಯಲ್ಲ, ಅಷ್ಟು ಸಾಕು. ಮುನಿವೆಂಕಟಮ್ಮ ಓದಿಸಿಕೊಂಡು ಕೇಳಿ “ಆ ಅತ್ತೆ ಒಳ್ಳೇವ್ಳು ಕಣ್ರೀ, ಬಾಯಿ ಒಂದು ಅಂಗೆ” ಎಂದಳು. ಹುರುಳಿ ಪುಡಿ ಹಾಕಿದ್ದೇನೆ. ಅದು ಬಸುರಿಗೆ ಉಷ್ಣ ಎಂದು ನಾನು ಹೇಳಿದ್ದಕ್ಕೆ, ಹಾಗಾದರೆ ಅವರ ಅತ್ತೆ ತಿನ್ನಲಿ ಎಂದಳು.

ಅಬ್ರಾರನ ಚಿಂತೆ ಬೇಡ. ಚೆನ್ನಾಗಿದ್ದಾನೆ.

ಅನಂತರಾಜು


ಗುಳೇದಗುಡ್ಡ
30 ಅಕ್ಟೋಬರ್ 2023

ಕಾಕಾ,

ಹೆಣ್ಣು ಮಗು. ಹದಿನಾಲ್ಕನೆಯ ತಾರೀಖು ಹುಟ್ಟಿತು. ತೂಕ ಕಡಿಮೆ, ದನಿ ಜೋರು. ರಕ್ತ ಪರೀಕ್ಷೆ ಮಾಡಿದರು, ಎಲ್ಲ ಸರಿಯಿದೆ. ಅತ್ತೆ ಆ ವರದಿಯನ್ನು ಸಂಗಮೇಶನ ಕೈಯಲ್ಲಿ ಎರಡು ಸಲ ಓದಿಸಿದರು.

ಮಾತ್ರೆ ನುಂಗುವವಳು ಹಾಲು ಕೊಡುವಂತಿಲ್ಲ. ಎರಡು ದಿನ ಕೊಟ್ಟೆ. ಮೂರನೆಯ ದಿನ ಮಾತ್ರೆ ಬಾಯಿಗೆ ಹಾಕಿಕೊಂಡು ಮಗುವನ್ನು ಅತ್ತೆಯ ಕೈಗೆ ಕೊಟ್ಟೆ. ನೋಡಲು ಬಂದವರು “ಯಾಕ, ಹಾಲಿಲ್ಲೇನು?” ಎಂದು ಕೇಳುತ್ತಾರೆ. ಅತ್ತೆ “ಆಕಿಗೆ ಔಷಧ ನಡದೈತಿ, ನಿಮಗ್ಯಾಕ ಬೇಕು ಆ ಉಸಾಬರಿ” ಎಂದು ಗದರುತ್ತಾರೆ. ಎದೆ ಕಟ್ಟಿಕೊಂಡು ನೋಯುತ್ತದೆ. ಮಗು ಅತ್ತಾಗ ಸೀರೆ ಒದ್ದೆಯಾಗುತ್ತದೆ.

ಮೂರು ತಿಂಗಳ ಬಳಿಕ ಮಾತ್ರೆ ಹಿಡಿಯಿತೇ ಎಂದು ನೋಡುತ್ತಾರಂತೆ.

ಕೀರ್ತಿ


ಗುಳೇದಗುಡ್ಡ
22 ಜನವರಿ 2024

ಕಾಕಾ,

ಹಿಡಿದಿಲ್ಲ.

ಹುಬ್ಬಳ್ಳಿಯಲ್ಲಿ ಮಜ್ಜೆ ತೆಗೆದು ವರ್ಣತಂತು ನೋಡಿದರು. ಈ ಸಲವೂ ಸ್ಲೈಡು ತೋರಿಸಿ ಎಂದು ಕೇಳಿದೆ. ಕೋಶ ಒಡೆಯುವ ಗಳಿಗೆಯಲ್ಲಿ ಅದನ್ನು ತಡೆದು ನಿಲ್ಲಿಸಿ, ಹರಡಿ, ಬಣ್ಣ ಹಾಕಿದ್ದರು. ನಾನೇ ಎಣಿಸಿದೆ. ನಲವತ್ತಾರು ಇರಬೇಕಾದಲ್ಲಿ ನಲವತ್ತೇಳು. ಇಪ್ಪತ್ತೆರಡನೆಯ ಗಿಡ್ಡ ವರ್ಣತಂತು ಒಂದಿತ್ತಲ್ಲ, ಈಗ ಅಂಥವು ಎರಡು. ರೋಗ ಓಡಲು ಶುರು ಮಾಡಿದೆ ಎಂದು ಇದರರ್ಥ. ಹಳೆಯ ಮಾತ್ರೆ ಇದಕ್ಕೆ ಸಾಲದು. ಅದಕ್ಕಿಂತ ಬಲವಾದ ಬೇರೆ ಮಾತ್ರೆ ಕೂಡಲೇ ಬೇಕು ಎಂದರು. ನಮ್ಮ ಬೆಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಅದು ಸುಮ್ಮನೆ ಸಿಗುವುದಿಲ್ಲ; ಅರ್ಜಿ ಹಾಕಬೇಕು, ಸಮಿತಿ ಕೂರಬೇಕು, ಒಪ್ಪಬೇಕು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದಂತೆ. ನನ್ನ ಹತ್ತಿರ ಅಷ್ಟು ಹೊತ್ತಿದೆ ಎಂದು ಯಾರೂ ಹೇಳುತ್ತಿಲ್ಲ.

ದೂರು ಬೇಡ, ಹೆಸರು ಬೇಡ ಎಂದು ನಿಮ್ಮ ಕೈ ತಡೆದವಳು ನಾನೇ. ಈಗ ನಾನೇ ಕೇಳುತ್ತಿದ್ದೇನೆ, ಬರೆಯಿರಿ. ನನ್ನ ಹೆಸರು ಹಾಕಿ, ಈ ಮನೆಯ ವಿಳಾಸ ಹಾಕಿ, ಮಗುವಿನ ವಯಸ್ಸನ್ನೂ ಹಾಕಿ. ನಿಮಗೆ ಬರುವ ಕಟುವಾದ ಭಾಷೆಯಲ್ಲೇ ಬರೆಯಿರಿ.

ಅವಳು ಈಗ ನನ್ನನ್ನು ನೋಡಿ ನಗುತ್ತಾಳೆ. ನಾನು ಯಾರೆಂದು ಗೊತ್ತಾಗುವಷ್ಟು ದೊಡ್ಡವಳಾಗುವ ತನಕವಾದರೂ ಇರಬೇಕು ಕಾಕಾ.

ಕೀರ್ತಿ


ಪುಟ್ಟೇನಹಳ್ಳಿ
6 ಫೆಬ್ರವರಿ 2024

ಕೀರ್ತಿ,

ನಿನ್ನ ಕಾಗದ ಬಂದ ದಿನವೇ ಅರ್ಜಿ ಬರೆದು ಹಿಡಿದುಕೊಂಡು ಹೋದೆ. ಆಫೀಸಿನಾತ ಹೆಸರು ನೋಡಿದ. “ಅನಂತರಾಜು ಅಂದ್ರೆ ಹೋದ್ವರ್ಷ ಸ್ಟಾಕ್ ಸೀಲ್ ಮಾಡ್ಸಿದ್ರಲ್ಲ, ಅವ್ರೇನಾ?” ಎಂದ. ಹೌದು ಎಂದೆ. “ಇಟ್ಟು ಹೋಗಿ ಸಾರ್” ಎಂದು ಪಕ್ಕದ ಕಡತಗಳ ಕಟ್ಟಿನ ಅಡಿಗೆ ತಳ್ಳಿದ. ವಾರ ಬಿಟ್ಟು ಹೋದರೂ ಅದು ಆ ಕಟ್ಟಿನ ಅಡಿಯಲ್ಲೇ ಇತ್ತು. ಕೂಗಾಡಿದೆ. ಹಿಂದೆ ನಾನು ಕೂಗಾಡಿದರೆ ಜನ ನಿಂತು ಕೇಳುತ್ತಿದ್ದರು. ಈ ಸಲ ಸಾಲಿನವರು ಮುಖ ತಿರುಗಿಸಿಕೊಂಡರು.

ನಿನಗೆ ಬರೆಯದಿದ್ದ ಒಂದು ವಿಷಯವಿದೆ. ಅಬ್ರಾರ್ ಚೆನ್ನಾಗಿದ್ದಾನೆ ಎಂದು ಬರೆದದ್ದು ಸುಳ್ಳು. ನಾನು ತಾಳು ಎಂದು ಹೇಳಿದ್ದ ಆ ವಾರಗಳಲ್ಲಿ ಅವನದೂ ಏರಿತ್ತು. ಆಮೇಲೆ ಮಾತ್ರೆಗೆ ಬಗ್ಗಿತು, ಆದರೆ ಅರ್ಧ ವರ್ಷ ಹಿಡಿಯಿತು. ನಿನ್ನ ಮಾತ್ರೆ ಕೊಟ್ಟು ಬಂದ ಮೇಲೆ ಅಷ್ಟು ದಿನವೂ ನಾನು ಅವನ ಅಂಗಡಿಯ ಮುಂದೆ ಹೋಗಲಿಲ್ಲ. ಬಸ್ಸಿನಲ್ಲಿ ಆ ರಸ್ತೆ ಬಂದರೆ ಆ ಕಡೆ ತಿರುಗುತ್ತಿದ್ದೆ.

ಮೊನ್ನೆ ಹೋದೆ. ಅವನು ಯಾರದೋ ಕನ್ನಡಕಕ್ಕೆ ಸ್ಕ್ರೂ ಹಾಕುತ್ತಿದ್ದ. ಅವನ ಹೆಂಡತಿ ಲುಬ್ನಾ ನನ್ನನ್ನು ನೋಡಿ ಒಳಗೆ ಹೋದಳು. ನಿನ್ನ ವಿಷಯವನ್ನೆಲ್ಲ ಹೇಳಿ, ನನ್ನ ಅರ್ಜಿಗೆ ಒಂದು ಸಹಿ ಹಾಕು ಎಂದು ಕೇಳಿದೆ.

ಅವನು ಸ್ಕ್ರೂ ಪೂರ್ತಿ ತಿರುಗಿಸಿ, ಕನ್ನಡಕ ಒರೆಸಿ ಇಟ್ಟ ಮೇಲೆ ಮಾತಾಡಿದ.

“ನಿಮ್ ಅರ್ಜಿಗೆ ಹಾಕಲ್ಲ ಸಾರ್.”

ಸರಿ ಎಂದು ಎದ್ದೆ.

“ಕೂತ್ಕೊಳಿ. ಅರ್ಜಿ ನಾನ್ ಬರೀತೀನಿ. ಆ ಸಾಲಲ್ಲಿ ನಿಲ್ಲೋ ಎಲ್ರತ್ರನೂ ಸಹಿ ನಾನೇ ಹಾಕಿಸ್ತೀನಿ. ಅವಮ್ಮ ಆ ಮಾತ್ರೆ ನಂಗ್ ಕಳಿಸಿದ್ರು ಸಾರ್, ನಾನ್ ಮರ್ತಿಲ್ಲ. ನಿಮ್ ಹೆಸ್ರು ಮಾತ್ರ ಅದ್ರಲ್ಲಿ ಇರ್ಬಾರ್ದು. ನಿಮ್ ಹೆಸ್ರಿದ್ರೆ ಕೆಲ್ಸ ಆಗಲ್ಲ.”

ಲುಬ್ನಾ ಕಾಗದ ಪೆನ್ನು ತಂದಳು. ಅವಳ ಕನ್ನಡ ಅಕ್ಷರ ದುಂಡಗೆ ಚೆನ್ನಾಗಿದೆ. ಒಂದು ಕಡೆ ‘ನಾಚಿಕೆಗೇಡು’ ಎಂದು ಸೇರಿಸಿ ಎಂದೆ. ಅವಳು ತಲೆಯೆತ್ತದೆ “ಬೇಡ ಅಂಕಲ್” ಎಂದಳು. ಸೇರಿಸಲಿಲ್ಲ. ನಿನ್ನ ಹೆಸರು, ಮನೆಯ ವಿಳಾಸ, ಮಗುವಿನ ವಯಸ್ಸು ಎಲ್ಲ ಇದೆ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅದನ್ನು ಇವತ್ತು ಕೊಟ್ಟು ಬಂದಿದ್ದಾರೆ. ಆಫೀಸಿನಾತ ಕಟ್ಟಿನ ಅಡಿಗೆ ಇಡಲಿಲ್ಲವಂತೆ, ಒಳಗೆ ತೆಗೆದುಕೊಂಡು ಹೋದನಂತೆ. ಇಷ್ಟೇ ಸುದ್ದಿ. ಸಮಿತಿ ಯಾವಾಗ ಕೂರುತ್ತದೆ ಎಂದು ಯಾರೂ ಹೇಳಿಲ್ಲ.

ಡಾಕ್ಟರಮ್ಮನನ್ನು ಕಂಡೆ. ಒಪ್ಪಿಗೆ ಬರುವ ಮೊದಲೇ ಬಂದು ದಾಖಲಾಗಲಿ, ಕಣ್ಣೆದುರಿಗೆ ಇರುವ ರೋಗಿಗೆ ಇಲ್ಲ ಎನ್ನುವುದು ಅವರಿಗೂ ಕಷ್ಟ, ನಾನೂ ಒಳಗಿನಿಂದ ನೋಡುತ್ತೇನೆ ಎಂದರು. ಹೊಸ ಮಾತ್ರೆ ಹಿಡಿಯುತ್ತದೆಯೇ ಎಂದು ಕೇಳಿದೆ. “ಶುರು ಮಾಡ್ದೆ ಹೇಗೆ ಹೇಳ್ಲಿ ಸಾರ್” ಎಂದರು.

ಬಾದಾಮಿಯಲ್ಲಿ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯಿರಿ. ಹೊರಡುವ ದಿನವನ್ನು ಫೋನಿನಲ್ಲೇ ಹೇಳು, ಈಗ ಮುಚ್ಚಿಡಲು ಏನೂ ಇಲ್ಲವಲ್ಲ. ನಾನು ಪ್ಲಾಟ್‌ಫಾರಮ್ಮಿಗೆ ಬಂದಿರುತ್ತೇನೆ. ಸಂಗಮೇಶನಿಗೆ ಅಂಗಡಿ ಬಿಟ್ಟು ಬರಲಾಗದಿದ್ದರೆ ನಿನ್ನ ಅತ್ತೆ ಚನ್ನಕ್ಕನವರು ಬರಲಿ. ಮಗುವನ್ನು ಮುನಿವೆಂಕಟಮ್ಮ ನೋಡಿಕೊಳ್ಳುತ್ತಾಳೆ. ಬಿಸಿನೀರಿಗೆ ಹಂಡೆ ತೊಳೆದಿಟ್ಟು, “ಇನ್ನೂ ಒಲ್ಟಿಲ್ವಾ” ಎಂದು ಬೆಳಗಿನಿಂದ ನನ್ನ ಪ್ರಾಣ ತಿನ್ನುತ್ತಿದ್ದಾಳೆ.

ಅರ್ಜಿಗೆ ಉತ್ತರ ಬರಲಿ ಎಂದು ಕಾಯಬೇಡ. ಹೊರಟು ಬಾ.

ಅನಂತರಾಜು